ಹರ್ನಿಯಾ ಆಪರೇಷನ್ ಆದ ಮಕ್ಕಳ ಶುಶ್ರೂಷೆ: ವಾರ್ಡಿನ ಮಾನದಂಡದಲ್ಲಿ ಏನೇನು ಇರಲೇಬೇಕು?

ಮಕ್ಕಳ ವಾರ್ಡ್ ಇನ್‌ಚಾರ್ಜ್

ಜಿಲ್ಲಾ ಮಟ್ಟದ ಆಸ್ಪತ್ರೆಯ ಮಕ್ಕಳ ಸರ್ಜರಿ ವಾರ್ಡಿಗೆ ಲಿಖಿತ ಮಾನದಂಡ ತಯಾರಾಗುತ್ತಿದೆ. ಹೆಚ್ಚಿನವು ತೊಡೆಸಂದಿನ ಹರ್ನಿಯಾದ ಆಪರೇಷನ್, ಅಂದರೆ ಹರ್ನಿಯೊಟಮಿ. ವಯಸ್ಸು ಎರಡು ತಿಂಗಳಿಂದ ಹತ್ತು ವರ್ಷದವರೆಗೆ. ಸದ್ಯದ ಕರಡು ಇಷ್ಟೇ: ವೈಟಲ್ಸ್ (ನಾಡಿ, ಉಸಿರು, ಬಿಪಿ, ತಾಪಮಾನ) 4 ಗಂಟೆಗೊಮ್ಮೆ. 6 ಗಂಟೆ ಬಾಯಿಗೆ ಏನೂ ಕೊಡಬಾರದು, ಅಲ್ಲಿಯವರೆಗೆ ಐಸೊ-ಪಿ (ಸೋಡಿಯಂ ಕಡಿಮೆ ಇರುವ ದ್ರವ) ಡ್ರಿಪ್. ನೋವಿದ್ದರೆ ಪ್ಯಾರಾಸಿಟಮಾಲ್. ಡ್ರೆಸ್ಸಿಂಗ್ ಗಮನಿಸುವುದು. ಮೂತ್ರ ಮಾಡಿದ ಮೇಲೆ ಡಿಸ್ಚಾರ್ಜ್.

ದೊಡ್ಡವರ ವಾರ್ಡಿನ ಹಾಳೆಯನ್ನೇ ಇಳಿಸಿಕೊಂಡಂತಿದೆ ಅಂತ ಗೊತ್ತು. ಒಂದೊಂದು ಸಾಲನ್ನೂ ಹಿಡಿದು ಜಾಡಿಸಿ. ಆದರೆ "ಮಗುವನ್ನು ಚೆನ್ನಾಗಿ ಗಮನಿಸಬೇಕು" ಅನ್ನುವಂಥ ಮಾತು ಬೇಡ. ಎಷ್ಟು ಹೊತ್ತಿಗೊಮ್ಮೆ, ಏನನ್ನು, ಯಾವ ಅಂಕಿ ದಾಟಿದರೆ ಯಾರನ್ನು ಕರೆಯಬೇಕು, ಇದು ಬೇಕು.

ರಿಕವರಿ ಸಿಸ್ಟರ್

ಮೊದಲ ಸಾಲಿನಿಂದಲೇ ಶುರು ಮಾಡೋಣ. 4 ಗಂಟೆಗೊಮ್ಮೆ ವೈಟಲ್ಸ್ ಅಂದರೆ ಮಗು ಅಪಾಯದಲ್ಲಿರುವ ಹೊತ್ತೆಲ್ಲ ಕಳೆದ ಮೇಲೆ ಮೊದಲ ಬಾರಿ ನೋಡಿದ ಹಾಗೆ. ಪೂರ್ತಿ ಎಚ್ಚರ ಆಗುವವರೆಗೆ 5 ನಿಮಿಷಕ್ಕೊಮ್ಮೆ, ಆಮೇಲೆ ಒಂದು ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ ಎರಡು ಗಂಟೆ ಅರ್ಧ ಗಂಟೆಗೊಮ್ಮೆ, ಅಲ್ಲಿಂದ ಮನೆಗೆ ಹೋಗುವವರೆಗೆ ಗಂಟೆಗೊಮ್ಮೆ. ಪಲ್ಸ್ ಆಕ್ಸಿಮೀಟರ್ ಪ್ರೋಬ್ ತೆಗೆಯುವುದು ಮಗು ಎದ್ದು, ಆಮ್ಲಜನಕ ಇಲ್ಲದೆ ಸ್ಯಾಚುರೇಶನ್ 95ರ ಮೇಲೆ ನಿಂತ ನಂತರ ಮಾತ್ರ.

ಉಸಿರು ಎಣಿಸುವಾಗ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಕೂಸುಗಳಲ್ಲಿ ನಡೆಯಲ್ಲ. ಅವುಗಳ ಉಸಿರಾಟವೇ ಏರುಪೇರು. ಪೂರ್ತಿ 60 ಸೆಕೆಂಡ್ ಎಣಿಸಬೇಕು, ಅದೂ ಹೊಟ್ಟೆ ನೋಡಿಕೊಂಡು. ಬಿಪಿ ಕಫ್ ತೋಳಿನ ಉದ್ದದ ಮೂರರಲ್ಲಿ ಎರಡು ಭಾಗ ಮುಚ್ಚಬೇಕು. ಚಿಕ್ಕ ಕಫ್ ಹಾಕಿದರೆ ಬಿಪಿ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ, ರಕ್ತ ಹೋಗುತ್ತಿರುವ ಮಗುವೂ ಚೆನ್ನಾಗಿದೆ ಅನ್ನಿಸುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ಸಿಸ್ಟಾಲಿಕ್‌ನ ಕೆಳಮಿತಿ 70 ಕೂಡಿಸು ವಯಸ್ಸಿನ ಎರಡರಷ್ಟು. ನಾಲ್ಕು ವರ್ಷದ ಮಗುವಿಗೆ 78. ಆದರೆ ಮಕ್ಕಳಲ್ಲಿ ಬಿಪಿ ಬೀಳುವುದು ಕೊನೆಗೆ. ಅದಕ್ಕೂ ಮೊದಲು ನಾಡಿ ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಎದೆಮೂಳೆ ಮೇಲೆ 5 ಸೆಕೆಂಡ್ ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರುತ್ತದೋ ಇಲ್ಲವೋ ನೋಡಿ. ಚಾರ್ಟಿನಲ್ಲಿ ಅದಕ್ಕೂ ಒಂದು ಕಾಲಂ ಇರಲಿ.

ಹಾಸಿಗೆ ಪಕ್ಕದ ಸಾಮಾನು: ಆಮ್ಲಜನಕ, ಕೆಲಸ ಮಾಡುವ ಸಕ್ಷನ್, 6, 8 ಮತ್ತು 10 ನಂಬರಿನ ಸಕ್ಷನ್ ಕ್ಯಾತಿಟರ್, 250 ಮತ್ತು 500 ಮಿ.ಲೀ. ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), 0, 1, 2 ಅಳತೆಯ ಮಾಸ್ಕ್, ಓರಲ್ ಏರ್‌ವೇ. "ಎಮರ್ಜೆನ್ಸಿ ಟ್ರಾಲಿಯಲ್ಲಿ ಇದೆ" ಅಂದರೆ ಸಾಲದು. ಲ್ಯಾರಿಂಗೋಸ್ಪಾಸಮ್ (ಧ್ವನಿಪೆಟ್ಟಿಗೆ ಬಿಗಿದು ಉಸಿರುದಾರಿ ಮುಚ್ಚುವುದು) ಬಂದಾಗ ಟ್ರಾಲಿ ತರಲು ಹೋಗುವಷ್ಟು ಪುರುಸೊತ್ತು ಇರುವುದಿಲ್ಲ. ಅದರ ಗುರುತು ಹೊಸಬರಿಗೆ ಹೇಳಿಕೊಡಿ: ಎದೆ ಒಳಗೆ ಹೋಗುತ್ತದೆ, ಹೊಟ್ಟೆ ಮೇಲೇಳುತ್ತದೆ, ಆದರೆ ಸದ್ದಿಲ್ಲ. ಅಳುತ್ತಿದ್ದ ಮಗು ದಿಢೀರನೆ ಸುಮ್ಮನಾದರೆ ಮಲಗಿತು ಅಂದುಕೊಳ್ಳಬಾರದು, ಮುಖದ ಮೇಲೆ ಕೈ ಇಟ್ಟು ಗಾಳಿ ಬರುತ್ತಿದೆಯೇ ನೋಡಬೇಕು. ದವಡೆ ಮುಂದಕ್ಕೆ ಎತ್ತಿ, ಮಾಸ್ಕ್ ಬಿಗಿಯಾಗಿ ಹಿಡಿದು 100% ಆಮ್ಲಜನಕ, ಜೊತೆಗೇ ಅರಿವಳಿಕೆ ವೈದ್ಯರಿಗೆ ಕೂಗು.

ಇನ್ನೊಂದು, ಯಾರೂ ಬರೆಯದ್ದು. ಓಟಿಯಿಂದ ಹೊರಡುವ ಮುಂಚೆ ಕ್ಯಾನುಲಾ ಮತ್ತು ಎಕ್ಸ್‌ಟೆನ್ಷನ್ ಎರಡನ್ನೂ ಸಲೈನ್‌ನಿಂದ ಫ್ಲಶ್ ಮಾಡಿರಬೇಕು, ಹ್ಯಾಂಡೋವರ್‌ನಲ್ಲಿ "ಫ್ಲಶ್ ಆಗಿದೆ" ಅಂತ ಬಾಯಿಬಿಟ್ಟು ಹೇಳಬೇಕು. ಟ್ಯೂಬಿನ ಖಾಲಿ ಜಾಗದಲ್ಲಿ ಸ್ನಾಯು ಸಡಿಲಿಸುವ ಔಷಧ ಉಳಿದಿದ್ದರೆ, ವಾರ್ಡಿನಲ್ಲಿ ಮೊದಲ ಇಂಜೆಕ್ಷನ್ ಕೊಟ್ಟ ಕೂಡಲೇ ಅದು ಒಳಗೆ ಹೋಗಿ ಮಗುವಿನ ಉಸಿರು ನಿಲ್ಲುತ್ತದೆ. 5 ಕೆ.ಜಿ. ಕೂಸಿಗೆ ಅಷ್ಟು ಸಾಕು.

ಅರಿವಳಿಕೆ ವಿಭಾಗ

ಕರಡಿನಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಸುದ್ದಿಯೇ ಇಲ್ಲ. ಹರ್ನಿಯಾ ಹೆಚ್ಚಾಗಿ ಬರುವುದೇ ಅವರಿಗೆ. ಈ ಮಕ್ಕಳು ಆಪರೇಷನ್ ಚೆನ್ನಾಗಿ ಮುಗಿಸಿ, ಹಾಲು ಕುಡಿದು, ನಿದ್ದೆ ಮಾಡುತ್ತಿರುವಾಗ ಉಸಿರಾಡುವುದನ್ನೇ ಮರೆಯುತ್ತಾರೆ. 20 ಸೆಕೆಂಡ್ ದಾಟಿದ ನಿಲುಗಡೆ, ಅಥವಾ ಅದಕ್ಕಿಂತ ಕಡಿಮೆಯಾದರೂ ನಾಡಿ ಇಳಿದು ಬಣ್ಣ ಕಪ್ಪಿಟ್ಟರೆ, ಅದು ಅಪ್ನಿಯಾ.

ಲೆಕ್ಕ ಹುಟ್ಟಿದ ದಿನದಿಂದಲ್ಲ. ಹುಟ್ಟಿದಾಗ ಎಷ್ಟು ವಾರದ ಗರ್ಭವಾಗಿತ್ತೋ ಅದಕ್ಕೆ ಹುಟ್ಟಿದ ಮೇಲಿನ ವಾರ ಕೂಡಿಸಬೇಕು. 30 ವಾರಕ್ಕೆ ಹುಟ್ಟಿ ಈಗ 16 ವಾರ ಆದ ಕೂಸು 46 ವಾರದ್ದು. ತಾಯಿ "ನಾಲ್ಕು ತಿಂಗಳ ಮಗು" ಅನ್ನುತ್ತಾರೆ, ನಮಗದು ತಿಂಗಳು ತುಂಬಿ ಹುಟ್ಟಿ ಒಂದೂವರೆ ತಿಂಗಳಾದ ಕೂಸಿನ ಹಾಗೆ. ಎಷ್ಟು ವಾರದ ಕೆಳಗಿನವರನ್ನು ರಾತ್ರಿ ಇಟ್ಟುಕೊಳ್ಳಬೇಕು ಅನ್ನುವುದರಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸ ಇದೆ. ಅವಧಿಪೂರ್ವ ಕೂಸುಗಳಿಗೆ 60 ವಾರ ಅಂತ ಇಟ್ಟುಕೊಂಡರೆ ಜಿಲ್ಲಾ ಮಟ್ಟದಲ್ಲಿ ಸುರಕ್ಷಿತ. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ ಅಥವಾ ಮನೆಯಲ್ಲೇ ಉಸಿರು ನಿಂತ ಇತಿಹಾಸ ಇದ್ದರೆ ಅಪಾಯ ಇನ್ನೂ ಹೆಚ್ಚು. ಕನಿಷ್ಠ 12 ಗಂಟೆ ಒಮ್ಮೆಯೂ ಅಪ್ನಿಯಾ ಆಗದೆ ಕಳೆಯಬೇಕು. ಒಮ್ಮೆ ಆದರೂ ಗಡಿಯಾರ ಮತ್ತೆ ಸೊನ್ನೆಯಿಂದ.

"ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಟ್ಟಿದ್ದೇವೆ, ಮಾನಿಟರ್ ಬೇಡ" ಅನ್ನುವವರಿದ್ದಾರೆ. ಸ್ಪೈನಲ್‌ನಲ್ಲಿ ಮೊದಲ ಅರ್ಧ ಗಂಟೆಯ ಅಪ್ನಿಯಾ ಕಡಿಮೆ ಆಗುತ್ತದೆ, ಆಮೇಲಿನ ಅಪಾಯ ಹೋಗುವುದಿಲ್ಲ. ಮಾನಿಟರ್ ಬೇಕೇ ಬೇಕು.

ಮಕ್ಕಳ ವಾರ್ಡ್ ಇನ್‌ಚಾರ್ಜ್

ಮಾನಿಟರ್ ಇರುವ ಹಾಸಿಗೆ ಎರಡೇ. ರಾತ್ರಿ ಪಾಳಿಯಲ್ಲಿ 30 ಮಕ್ಕಳಿಗೆ ಇಬ್ಬರು ಸಿಸ್ಟರ್. ಪ್ರಾಯೋಗಿಕವಾಗಿ ಹೇಳಿ.

ಅರಿವಳಿಕೆ ವಿಭಾಗ

ಹಾಗಾದರೆ ಅಂಥ ಕೂಸುಗಳನ್ನು ದಿನಕ್ಕೆ ಎರಡಕ್ಕಿಂತ ಹೆಚ್ಚು ಪಟ್ಟಿಗೆ ಹಾಕುವ ಹಾಗಿಲ್ಲ ಅಂತ ಮಾನದಂಡದಲ್ಲೇ ಬರೆಯಿರಿ. ಹಾಸಿಗೆ ಖಾಲಿ ಇಲ್ಲದಿದ್ದರೆ ಆಪರೇಷನ್ ಮುಂದಕ್ಕೆ, ಅಥವಾ ನವಜಾತ ಐಸಿಯು ಇರುವ ಕಡೆಗೆ ಕಳಿಸುವುದು. ಮಾನಿಟರ್ ಇಲ್ಲದ ಜಾಗದಲ್ಲಿ ಸಿಸ್ಟರ್ ಕಣ್ಣಿಟ್ಟು ನೋಡಿಕೊಳ್ಳಬೇಕು ಅನ್ನುವುದು ಮಾನದಂಡವಲ್ಲ, ಮುಂದೊಂದು ದಿನ ಅವರ ತಲೆಗೆ ಕಟ್ಟಲು ಇಟ್ಟುಕೊಂಡ ಹಗ್ಗ.

ಮಾನಿಟರ್ ಇದ್ದರೂ ಅಲಾರಂ ಮಿತಿ ಮುಖ್ಯ. ನಾಡಿಗೆ ಕೆಳಮಿತಿ 100, ಸ್ಯಾಚುರೇಶನ್‌ಗೆ 90. ಹಿಂದಿನ ರೋಗಿ ದೊಡ್ಡವರಾಗಿದ್ದರೆ ಕೆಳಮಿತಿ 50ರಲ್ಲೇ ನಿಂತಿರುತ್ತದೆ, ಕೂಸಿನ ನಾಡಿ 60ಕ್ಕೆ ಇಳಿದರೂ ಯಂತ್ರ ತೆಪ್ಪಗಿರುತ್ತದೆ. ಪಾಳಿ ಬದಲಾದಾಗಲೆಲ್ಲ ಮಿತಿ ನೋಡಿ ಸಹಿ. ಅಲಾರಂ ಹೊಡೆದರೆ ಮೊದಲು ಮಗುವನ್ನು ನೋಡಿ, ಪ್ರೋಬನ್ನು ಆಮೇಲೆ. ಅಂಗಾಲು ತಟ್ಟಿ ಎಚ್ಚರಿಸಿ, ಕತ್ತು ನೇರ ಮಾಡಿ. 10 ಸೆಕೆಂಡಿನಲ್ಲಿ ಉಸಿರು ಬರದಿದ್ದರೆ ಬ್ಯಾಗ್-ಮಾಸ್ಕ್.

ಡೋಸ್ ಲೆಕ್ಕ

"ನೋವಿದ್ದರೆ ಪ್ಯಾರಾಸಿಟಮಾಲ್" ಅನ್ನುವ ಸಾಲಿನಲ್ಲಿ ಮೂರು ಗುಂಡಿಗಳಿವೆ.

ಒಂದು, "ಇದ್ದರೆ". ಹರ್ನಿಯೊಟಮಿಯಲ್ಲಿ ಸಾಮಾನ್ಯವಾಗಿ ಕಾಡಲ್ ಬ್ಲಾಕ್ (ಬೆನ್ನಿನ ಬುಡದಲ್ಲಿ ಕೊಡುವ ಮರಗಟ್ಟಿಸುವ ಇಂಜೆಕ್ಷನ್) ಇರುತ್ತದೆ. ಅದರಲ್ಲಿ ಕೊಡುವ ಬುಪಿವಕೇನ್‌ನ ಪರಿಣಾಮ 4ರಿಂದ 6 ಗಂಟೆ. ಬೆಳಿಗ್ಗೆ 10ಕ್ಕೆ ಆಪರೇಷನ್ ಆದ ಮಗು ಮಧ್ಯಾಹ್ನ 2ರವರೆಗೆ ಆಟ ಆಡಿಕೊಂಡಿರುತ್ತದೆ, ಎಲ್ಲರಿಗೂ ಸಮಾಧಾನ. 3 ಗಂಟೆಗೆ ಬಸ್ಸಿನಲ್ಲಿ ಬ್ಲಾಕ್ ಇಳಿಯುತ್ತದೆ, ಆಗ ಕೈಯಲ್ಲಿ ಔಷಧ ಇರುವುದಿಲ್ಲ. ಮೊದಲ 48 ಗಂಟೆ ಗಡಿಯಾರ ನೋಡಿಕೊಂಡು ಕೊಡಬೇಕು, ಅಳು ನೋಡಿಕೊಂಡು ಅಲ್ಲ.

ಎರಡು, ಯಾವ ಬಾಟಲಿ. ಇದನ್ನು ಗೋಡೆಗೆ ಅಂಟಿಸಿ. 10 ಕೆ.ಜಿ. ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿ 150 ಮಿ.ಗ್ರಾಂ. ಅದು 100 ಮಿ.ಗ್ರಾಂ./ಮಿ.ಲೀ. ಡ್ರಾಪ್ಸ್ ಆದರೆ 1.5 ಮಿ.ಲೀ. 5 ಮಿ.ಲೀ.ಗೆ 125ರ ಸಿರಪ್ ಆದರೆ 6 ಮಿ.ಲೀ. 5 ಮಿ.ಲೀ.ಗೆ 250ರ ಸಿರಪ್ ಆದರೆ 3 ಮಿ.ಲೀ. ಮೂರೂ ನಮ್ಮ ಮೆಡಿಕಲ್ ಶಾಪಿನಲ್ಲಿ ಒಂದೇ ಕಪಾಟಿನಲ್ಲಿ ಇರುತ್ತವೆ. ಚೀಟಿಯಲ್ಲಿ "6 ಎಂಎಲ್" ಅಂತ ಬರೆದು, ಅಂಗಡಿಯವರು ಡ್ರಾಪ್ಸ್ ಕೊಟ್ಟರೆ ಮಗುವಿಗೆ ಒಂದೇ ಸಲಕ್ಕೆ 600 ಮಿ.ಗ್ರಾಂ. ಹೋಗುತ್ತದೆ, ಇಡೀ ದಿನದ ಮಿತಿ ಒಂದೇ ಗುಟುಕಿಗೆ. ಮಿ.ಗ್ರಾಂ., ಮಿ.ಲೀ., ಬಾಟಲಿಯ ಸಾಂದ್ರತೆ ಮೂರನ್ನೂ ಬರೆಯದ ಚೀಟಿಯನ್ನು ಸಿಸ್ಟರ್ ವಾಪಸ್ ಕಳಿಸಬೇಕು. 6 ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ, ಕೆ.ಜಿ.ಗೆ 60 ಮಿ.ಗ್ರಾಂ. ದಾಟಬಾರದು. ಮೂರು ತಿಂಗಳೊಳಗಿನ ಕೂಸಿಗೆ ಇದಕ್ಕಿಂತ ಕಡಿಮೆ, ಅದನ್ನು ವೈದ್ಯರೇ ಬರೆಯಬೇಕು.

ಮೂರು, ಓಟಿಯಲ್ಲಿ ಈಗಾಗಲೇ ಕೊಟ್ಟಿದ್ದಾರೋ ಇಲ್ಲವೋ. 10:15ಕ್ಕೆ ಐವಿ ಪ್ಯಾರಾಸಿಟಮಾಲ್ ಕೊಟ್ಟಿದ್ದರೆ ಮುಂದಿನದು 4:15ಕ್ಕೆ. ಹ್ಯಾಂಡೋವರ್‌ನಲ್ಲಿ ಸಮಯ ಬರದಿದ್ದರೆ ವಾರ್ಡಿನಲ್ಲಿ ಮಧ್ಯಾಹ್ನವೇ ಇನ್ನೊಂದು ಡೋಸ್ ಬೀಳುತ್ತದೆ. ಐವಿಯ ಸಾಂದ್ರತೆ 10 ಮಿ.ಗ್ರಾಂ./ಮಿ.ಲೀ. ಇರುವುದರಿಂದ ಹತ್ತುಪಟ್ಟು ತಪ್ಪು ತುಂಬ ಸುಲಭ. 4 ಕೆ.ಜಿ. ಕೂಸಿಗೆ ಕೆ.ಜಿ.ಗೆ 7.5ರಂತೆ 30 ಮಿ.ಗ್ರಾಂ. ಅಂದರೆ 3 ಮಿ.ಲೀ. ಅದನ್ನು 30 ಮಿ.ಲೀ. ಅಂತ ಓದಿಕೊಂಡರೆ ಲಿವರ್ ಹೋಯಿತು. ಚಿಕ್ಕ ಮಕ್ಕಳಿಗೆ 100 ಮಿ.ಲೀ. ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕಲೇಬಾರದು. ಸಿರಿಂಜಿಗೆ ಬೇಕಾದಷ್ಟೇ ಎಳೆದು, ಇನ್ನೊಬ್ಬರು ಓದಿ ನೋಡಿ, 15 ನಿಮಿಷದಲ್ಲಿ ಕೊಡುವುದು.

ಐಬುಪ್ರೊಫೆನ್ 6 ತಿಂಗಳು ದಾಟಿದ ಮೇಲೆ, ಕೆ.ಜಿ.ಗೆ 5ರಿಂದ 10 ಮಿ.ಗ್ರಾಂ., 8 ಗಂಟೆಗೊಮ್ಮೆ, ಮಗು ಕುಡಿಯುತ್ತಿದ್ದು ಮೂತ್ರ ಮಾಡುತ್ತಿದ್ದರೆ ಮಾತ್ರ. ನಿಮೆಸುಲೈಡ್ 12 ವರ್ಷದೊಳಗಿನವರಿಗೆ 2011ರಿಂದಲೇ ನಮ್ಮ ದೇಶದಲ್ಲಿ ನಿಷೇಧ. ಕೊಡೀನ್, ಟ್ರಮಡಾಲ್ ಕೂಡ ಈ ವಯಸ್ಸಿಗೆ ಬೇಡ. ಕೆಲವು ಮಕ್ಕಳ ದೇಹ ಅವನ್ನು ತೀರಾ ವೇಗವಾಗಿ ಬಲವಾದ ಓಪಿಯಾಯ್ಡ್ ಆಗಿ ಬದಲಾಯಿಸಿ ಉಸಿರನ್ನೇ ಕುಗ್ಗಿಸುತ್ತದೆ.

ನರ್ಸಿಂಗ್ ಟ್ಯೂಟರ್

ನೋವು ಅಳೆಯುವುದು ಹೇಗೆ ಅಂತಲೂ ಬರೆಯಬೇಕು. ಎರಡು ತಿಂಗಳಿಂದ ಏಳು ವರ್ಷದವರೆಗೆ ಫ್ಲ್ಯಾಕ್ ಅಳತೆ ಸಾಕು: ಮುಖ, ಕಾಲು, ಚಲನೆ, ಅಳು, ಸಮಾಧಾನ ಆಗುವಿಕೆ. ಒಂದೊಂದಕ್ಕೆ 0, 1, 2. ಒಟ್ಟು 4 ಅಥವಾ ಮೇಲಿದ್ದರೆ ಔಷಧ. ಐವಿ ಕೊಟ್ಟರೆ ಅರ್ಧ ಗಂಟೆಗೆ, ಬಾಯಿಗೆ ಕೊಟ್ಟರೆ ಒಂದು ಗಂಟೆಗೆ ಮತ್ತೆ ಅಳೆಯಬೇಕು. ಎರಡನೇ ಸಲ ಅಳೆಯದಿದ್ದರೆ ಮೊದಲನೆಯದು ದಂಡ. ಕಾಡಲ್ ಬ್ಲಾಕ್ ಇರುವಾಗ "ಕಾಲು" ಅನ್ನುವ ಅಂಶ ಕೈಕೊಡುತ್ತದೆ ಅನ್ನುವುದು ನೆನಪಿರಲಿ, ಮರಗಟ್ಟಿದ ಕಾಲು ಒದೆಯುವುದಿಲ್ಲ. ಮೂರು ವರ್ಷ ದಾಟಿ ಮಾತು ಬರುವ ಮಗುವಿಗೆ ಮುಖದ ಚಿತ್ರಗಳ ಅಳತೆ, ಎಂಟರ ಮೇಲೆ ಸೊನ್ನೆಯಿಂದ ಹತ್ತು.

ಎದ್ದ ಕೂಡಲೇ ಕಿರುಚುವ ಎಲ್ಲ ಮಕ್ಕಳಿಗೂ ನೋವೇ ಇರಬೇಕಾಗಿಲ್ಲ. ಎರಡರಿಂದ ಐದು ವರ್ಷದವರಲ್ಲಿ, ಸೆವೊಫ್ಲುರೇನ್ ಅನ್ನುವ ಅರಿವಳಿಕೆ ಅನಿಲ ಕೊಟ್ಟಿದ್ದರೆ, ಅಮ್ಮನನ್ನೂ ಗುರುತಿಸದೆ ಹೊರಳಾಡುವ ಒಂದು ಸ್ಥಿತಿ ಬರುತ್ತದೆ, ಎಮರ್ಜೆನ್ಸ್ ಡೆಲಿರಿಯಮ್ ಅಂತ ಹೆಸರು. ನೋವಿರುವ ಮಗು ಕಣ್ಣಿಗೆ ಕಣ್ಣು ಕೊಡುತ್ತದೆ, "ಬಾ" ಅಂದರೆ ಕೈ ಚಾಚುತ್ತದೆ. ಈ ಮಗು ಎಲ್ಲೋ ನೋಡುತ್ತಿರುತ್ತದೆ. ಹೆಚ್ಚಾಗಿ 15–20 ನಿಮಿಷಕ್ಕೆ ಇಳಿಯುತ್ತದೆ. ಆದರೆ ಆ ಹೆಸರು ಹಾಕುವ ಮುಂಚೆ ಸ್ಯಾಚುರೇಶನ್, ಸಕ್ಕರೆ, ತುಂಬಿದ ಮೂತ್ರಕೋಶ ಮೂರೂ ನೋಡಿರಬೇಕು. ಆಮ್ಲಜನಕ ಕಡಿಮೆಯಾದ ಮಗುವೂ ಹೀಗೇ ಆಡುತ್ತದೆ. ಹಾಸಿಗೆಯ ಪಕ್ಕದ ಕಂಬಿಗೆ ಮೆತ್ತೆ ಕಟ್ಟಿ, ಕ್ಯಾನುಲಾ ಕೈಯನ್ನು ಒಬ್ಬರು ಹಿಡಿದುಕೊಳ್ಳಿ, ತಾಯಿಯನ್ನು ಹೊರಗೆ ನಿಲ್ಲಿಸಬೇಡಿ.

ಪೀಡಿಯಾಟ್ರಿಕ್ಸ್_ಪಿಜಿ

ಉಪವಾಸ ಮತ್ತು ಡ್ರಿಪ್ ಸಾಲನ್ನು ಪೂರ್ತಿ ತೆಗೆದುಹಾಕಿ. ಹರ್ನಿಯೊಟಮಿಯಲ್ಲಿ ಕರುಳನ್ನು ಮುಟ್ಟುವುದೇ ಇಲ್ಲ, ಹರ್ನಿಯಾ ಚೀಲದ ಬುಡ ಕಟ್ಟಿ ಬಿಡುತ್ತಾರೆ. 6 ಗಂಟೆ ಕಾಯಲು ಕಾರಣವೇ ಇಲ್ಲ. ಎಚ್ಚರವಾಗಿ, ನುಂಗಲು ಬಂದು, ತಾನಾಗಿ ಕೇಳಿದಾಗ ಎದೆಹಾಲು ಅಥವಾ ನೀರು ಕೊಡಬಹುದು. ಅರ್ಧ ಗಂಟೆ ವಾಂತಿ ಇಲ್ಲದಿದ್ದರೆ ಇಡ್ಲಿ, ಗಂಜಿ, ಏನು ಬೇಕಾದರೂ.

ಐಸೊ-ಪಿಯಲ್ಲಿ ಸೋಡಿಯಂ ಲೀಟರಿಗೆ ಸುಮಾರು 25 ಮಿಲಿಮೋಲ್. ನಾರ್ಮಲ್ ಸಲೈನ್‌ನಲ್ಲಿ 154. ಆಪರೇಷನ್ ಆದ ಮಗುವಿನ ದೇಹ ನೋವು, ವಾಂತಿ, ಒತ್ತಡದಿಂದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಸೋಡಿಯಂ ಕಡಿಮೆ ಇರುವ ನೀರು ಸುರಿದರೆ ರಕ್ತದ ಸೋಡಿಯಂ ಕುಸಿದು, ಮಿದುಳು ಊದಿ, ಫಿಟ್ಸ್ ಬರಬಹುದು. ನವಜಾತ ಅವಧಿ ದಾಟಿದ ಮಗುವಿಗೆ ಡ್ರಿಪ್ ಬೇಕೇ ಬೇಕಾದರೆ ಡೆಕ್ಸ್‌ಟ್ರೋಸ್ ಸಲೈನ್, ಅಂದರೆ 5% ಡೆಕ್ಸ್‌ಟ್ರೋಸ್ ಜೊತೆ 0.9% ಸಲೈನ್.

ಹಳೇ ಸ್ಟಾಫ್ ನರ್ಸ್

ಕಾಗದದ ಮೇಲೆ ಸರಿ. ಆದರೆ ಬೇಗ ಕುಡಿಸಿದರೆ ವಾಂತಿ ಆಗುತ್ತದೆ, ಬೈಗುಳ ನಮಗೆ. ಮತ್ತೆ ಐಸೊ-ಪಿ ಬಿಟ್ಟರೆ ಸ್ಟೋರಿನಲ್ಲಿ ಬೇರೆ ಏನಿರುತ್ತದೆ?

ಪೀಡಿಯಾಟ್ರಿಕ್ಸ್_ಪಿಜಿ

ವಾಂತಿಯ ಬಗ್ಗೆ ನೀವು ಹೇಳಿದ್ದರಲ್ಲಿ ಅರ್ಧ ನಿಜ. ಒತ್ತಾಯ ಮಾಡಿ ಕುಡಿಸಿದರೆ ವಾಂತಿ ಹೆಚ್ಚು. "ಕುಡಿದರೆ ಮಾತ್ರ ಡಿಸ್ಚಾರ್ಜ್" ಅನ್ನುವ ಷರತ್ತು ಇರುವುದರಿಂದಲೇ ತಾಯಂದಿರು ಲೋಟ ಹಿಡಿದು ಬೆನ್ನು ಹತ್ತುತ್ತಾರೆ. ಷರತ್ತು ತೆಗೆದರೆ ಒತ್ತಾಯವೂ ಇಲ್ಲ. ಎರಡಕ್ಕಿಂತ ಹೆಚ್ಚು ಸಲ ವಾಂತಿ ಆದರೆ ವೈದ್ಯರಿಗೆ ಹೇಳಿ, ಒಂಡಾನ್ಸೆಟ್ರಾನ್ ಕೆ.ಜಿ.ಗೆ 0.1 ಮಿ.ಗ್ರಾಂ., 4 ಮಿ.ಗ್ರಾಂ. ಮೀರದ ಹಾಗೆ.

ಸ್ಟೋರಿನಲ್ಲಿ ಡಿಎನ್‌ಎಸ್ ಎಲ್ಲ ಕಡೆ ಇರುತ್ತದೆ, ದೊಡ್ಡವರ ವಾರ್ಡಿನಲ್ಲಿ ದಿನಾ ಹಾಕುತ್ತಾರೆ. ಅದೇ ಇದು.

ರಿಕವರಿ ಸಿಸ್ಟರ್

ಡ್ರಿಪ್ ಹಾಕಿದರೆ ಬ್ಯುರೆಟ್ ಸೆಟ್ (ಬಾಟಲಿಗೂ ಮಗುವಿಗೂ ನಡುವೆ ಇರುವ, ಅಳತೆ ಗೆರೆಯ ಸಣ್ಣ ಕೊಳವೆ) ಕಡ್ಡಾಯ. 500 ಮಿ.ಲೀ. ಬಾಟಲಿಯನ್ನು ನೇರ ಕೂಸಿಗೆ ಜೋಡಿಸುವ ಹಾಗಿಲ್ಲ, ರೋಲರ್ ಒಂದು ಸಲ ಸಡಿಲಾದರೆ ಮುಗಿಯಿತು. ಬ್ಯುರೆಟ್‌ನಲ್ಲಿ ಎರಡು ಗಂಟೆಗೆ ಬೇಕಾದಷ್ಟೇ ತುಂಬಿ, ಮೇಲಿನ ಕ್ಲಾಂಪ್ ಮುಚ್ಚಿ. ಮೈಕ್ರೋಡ್ರಿಪ್‌ನಲ್ಲಿ 60 ಹನಿ ಅಂದರೆ 1 ಮಿ.ಲೀ., ಹಾಗಾಗಿ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. 14 ಕೆ.ಜಿ. ಮಗುವಿಗೆ ಮೊದಲ 10 ಕೆ.ಜಿ.ಗೆ ನಾಲ್ಕರಂತೆ 40, ಉಳಿದ ನಾಲ್ಕಕ್ಕೆ ಎರಡರಂತೆ 8, ಒಟ್ಟು 48 ಹನಿ. ಇದು ಪೂರ್ಣ ಪ್ರಮಾಣ, ವೈದ್ಯರು ಎಷ್ಟೋ ಸಲ ಇದಕ್ಕಿಂತ ಕಡಿಮೆ ಬರೆಯುತ್ತಾರೆ. ಕ್ಯಾನುಲಾ ಜಾಗವನ್ನು ಗಂಟೆಗೊಮ್ಮೆ ನೋಡಬೇಕು, ಬೆರಳ ತುದಿ ಕಾಣುವ ಹಾಗೆ ಪ್ಲಾಸ್ಟರ್ ಸುತ್ತಿರಬೇಕು.

ಡ್ರೆಸ್ಸಿಂಗ್ ಟ್ರಾಲಿ

"ಡ್ರೆಸ್ಸಿಂಗ್ ಗಮನಿಸುವುದು" ಅಂದರೆ ಏನು? ಗಾಯ ತೊಡೆಸಂದಿನ ಮಡಿಕೆಯಲ್ಲಿ 2–3 ಸೆಂ.ಮೀ. ಇರುತ್ತದೆ, ಮಗು ಮಲಗಿರುತ್ತದೆ, ರಕ್ತ ಇಳಿದರೆ ಹಿಂದಕ್ಕೆ ಇಳಿಯುತ್ತದೆ. ಮೇಲಿನಿಂದ ಬಿಳಿಯಾಗಿರುವ ಬ್ಯಾಂಡೇಜ್ ನೋಡಿ ಟಿಕ್ ಹಾಕಬೇಡಿ, ಸೊಂಟದ ಕೆಳಗೆ ಕೈ ಹಾಕಿ ಬಟ್ಟೆ ಒದ್ದೆಯೇ ನೋಡಿ. ಕಲೆ ಕಂಡರೆ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯಿರಿ. ಗೆರೆ ದಾಟಿದರೆ 10 ನಿಮಿಷ ಬಿಡದೆ ಒತ್ತಿ ಹಿಡಿದು ಸರ್ಜನ್‌ಗೆ ಹೇಳಿ.

ಗಂಡು ಕೂಸುಗಳಿಗೆ ನಮ್ಮ ಕಡೆ ಉಡಿದಾರ ಇದ್ದೇ ಇರುತ್ತದೆ. ಅದು ಗಾಯದ ಮೇಲೆಯೇ ಜಾರುತ್ತದೆ, ನೆನೆದು ಕೊಳೆಯನ್ನೂ ಹಿಡಿದುಕೊಳ್ಳುತ್ತದೆ. ಓಟಿಗೆ ಹೋಗುವ ಮುನ್ನ ತೆಗೆಸಿ. ಕತ್ತರಿಸಿ ಕಸಕ್ಕೆ ಹಾಕಬೇಡಿ, ಅಜ್ಜಿಯ ಕೈಗೆ ಕೊಟ್ಟು, ಗಾಯ ಪೂರ್ತಿ ಮಾಯುವವರೆಗೆ ಕುತ್ತಿಗೆಗೋ ಕೈಗೋ ಕಟ್ಟದೆ ಎತ್ತಿಡಲು ಹೇಳಿ. ಆಮೇಲೆ ಹೊಸದು ಕಟ್ಟಿಕೊಳ್ಳಲಿ. ಬೈದರೆ ಮನೆಗೆ ಹೋದ ಕೂಡಲೇ ಮೊದಲು ಕಟ್ಟುವುದು ಅದನ್ನೇ.

ಡಯಾಪರ್ ಆದರೆ ಮುಂಭಾಗ ಕೆಳಗೆ ಮಡಚಿ, ಗಾಯದ ಕೆಳಗೆ ನಿಲ್ಲಬೇಕು. ಶಿಶ್ನ ಕೆಳಮುಖವಾಗಿರಲಿ, ಇಲ್ಲದಿದ್ದರೆ ಮೂತ್ರ ನೇರ ಗಾಯಕ್ಕೆ. ಮಲ ಆದರೆ ತಕ್ಷಣ ಬದಲಿಸಿ, ಒರೆಸುವುದು ಗಾಯದಿಂದ ಹೊರಕ್ಕೆ. ಸ್ಕಿನ್ ಗ್ಲೂ ಹಾಕಿದ್ದರೆ ಮೇಲೆ ಮುಲಾಮು ಬೇಡ, ಜಿಡ್ಡು ಅಂಟನ್ನು ಕರಗಿಸುತ್ತದೆ. ಕೊಬ್ಬರಿ ಎಣ್ಣೆ, ಅರಿಶಿನ, ಪೌಡರ್, ವಿಭೂತಿ ಯಾವುದೂ ಬೇಡ. ಗ್ಲೂ 5ರಿಂದ 10 ದಿನದಲ್ಲಿ ತಾನೇ ಸಿಪ್ಪೆಯಂತೆ ಏಳುತ್ತದೆ, ಕೀಳಬಾರದು. ಎರಡು ದಿನ ಮೈ ಒರೆಸುವುದು, ಆಮೇಲೆ ಚೊಂಬಿನಲ್ಲಿ ನೀರು ಹಾಕಿ ಬೇಗ ಮುಗಿಸುವ ಸ್ನಾನ. ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ಯುವ ಬಾಣಂತಿ ಮನೆಯ ಸ್ನಾನ ಒಂದು ವಾರ ಕಳೆದ ಮೇಲೆ.

ಅರಿವಳಿಕೆ ವಿಭಾಗ

ಒಂದು ಸೇರಿಸುತ್ತೇನೆ. ಕಾಡಲ್ ಕೊಟ್ಟ ಮಗುವಿನ ಕಾಲು ತಣ್ಣಗಿದೆ ಅಂತ ಬಿಸಿನೀರಿನ ಬಾಟಲಿ ಇಡಬೇಡಿ. ಮರಗಟ್ಟಿದ ಕಾಲಿಗೆ ಸುಡುವುದು ಗೊತ್ತಾಗುವುದಿಲ್ಲ, ಮಗು ಅಳುವುದೂ ಇಲ್ಲ. ಟೋಪಿ, ಕಾಲುಚೀಲ, ಬೆಚ್ಚಗಿನ ಬಟ್ಟೆ ಸಾಕು, ತಾಪಮಾನ 36.5ರ ಮೇಲಿರಲಿ. ಇಲಿಯೋಇಂಗ್ವಿನಲ್ ಬ್ಲಾಕ್ (ತೊಡೆಸಂದಿನ ನರ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟಿದ್ದರೆ ಔಷಧ ತೊಡೆಯ ನರಕ್ಕೂ ಹರಡಿ ಮಂಡಿ ಕುಸಿಯಬಹುದು. ನಡೆಯುವ ವಯಸ್ಸಿನ ಮಗುವನ್ನು ಮೊದಲ ಸಲ ನಿಲ್ಲಿಸುವಾಗ ಎರಡೂ ಕಂಕುಳಲ್ಲಿ ಹಿಡಿದೇ ನಿಲ್ಲಿಸಿ. ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ, ಮರುದಿನವೂ ಹಾಗೇ ಇದ್ದರೆ ನಮಗೆ ತಿಳಿಸಿ.

ಮಕ್ಕಳ ಸರ್ಜನ್

ಚರ್ಚೆ ಚೆನ್ನಾಗಿದೆ, ಆದರೆ ಯಾರೂ ವೃಷಣದ ಹೆಸರೇ ಎತ್ತಿಲ್ಲ. ಗಂಡು ಮಗುವನ್ನು ಮನೆಗೆ ಕಳಿಸುವ ಮುಂಚೆ ಎರಡೂ ವೃಷಣ ವೃಷಣಚೀಲದ ತಳದಲ್ಲಿವೆ ಅಂತ ಮುಟ್ಟಿ ನೋಡಿ ಬರೆದಿರಬೇಕು. ಆಪರೇಷನ್ ಮಾಡುವಾಗ ವೃಷಣ ಮೇಲೆ ಸರಿದು ಅಲ್ಲೇ ಅಂಟಿಕೊಳ್ಳಬಹುದು. ಅದೇ ದಿನ ಗೊತ್ತಾದರೆ ಕೆಲಸ ಸುಲಭ, ಆರು ತಿಂಗಳ ನಂತರ ಗೊತ್ತಾದರೆ ಇನ್ನೊಂದು ಆಪರೇಷನ್. ಪರೀಕ್ಷೆ ವೈದ್ಯರದ್ದೇ, ಆದರೆ ಆ ಕಾಲಂ ಖಾಲಿ ಇದ್ದರೆ ಡಿಸ್ಚಾರ್ಜ್ ತಡೆಯುವ ಅಧಿಕಾರ ಸಿಸ್ಟರ್‌ಗೆ ಕೊಡಿ.

ವೃಷಣಚೀಲ ಊದುವುದು ತೀರಾ ಸಾಮಾನ್ಯ, ಅದರಲ್ಲೂ ಹರ್ನಿಯಾ ದೊಡ್ಡದಿದ್ದರೆ. ಎರಡನೇ ದಿನ ಜಾಸ್ತಿಯೂ ಆಗಬಹುದು, ಕೆಲವು ವಾರದಲ್ಲಿ ಇಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ "ಹರ್ನಿಯಾ ವಾಪಸ್ ಬಂತು" ಅಂತ ರಾತ್ರಿ ಓಡಿಬರುತ್ತಾರೆ. ಮೆತ್ತಗಿದ್ದು ನೋವಿಲ್ಲದಿದ್ದರೆ ಕಾಯಬಹುದು. ಬಿಗಿಯಾಗಿ, ನೀಲಿಯಾಗಿ, ಗಂಟೆಗಂಟೆಗೆ ದೊಡ್ಡದಾದರೆ ರಕ್ತ ಕಟ್ಟುತ್ತಿದೆ. ಅಳುವಾಗ ಉಬ್ಬಿ ಸುಮ್ಮನಾದಾಗ ಇಳಿದರೆ ಅದು ಮರುಕಳಿಕೆ, ನೋಡಲೇಬೇಕು.

ಸಿಕ್ಕಿಕೊಂಡ ಹರ್ನಿಯಾಗೆ ತುರ್ತಾಗಿ ಆಪರೇಷನ್ ಆದ ಮಗುವಿಗೆ ಈ ಹಾಳೆ ಹೊಂದುವುದಿಲ್ಲ, ಪ್ರತ್ಯೇಕ ಹಾಳೆ ಬೇಕು. ಅಲ್ಲಿ ಕರುಳಿಗೆ ರಕ್ತ ನಿಂತಿರುತ್ತದೆ. ಮೂಗಿನ ನಳಿಕೆ ತೆಗೆಯುವುದು, ಬಾಯಿಗೆ ಶುರು ಮಾಡುವುದು ಸರ್ಜನ್ ಹೇಳಿದ ಮೇಲೆ. ಹೊಟ್ಟೆಯ ಸುತ್ತಳತೆಯನ್ನು ಹೊಕ್ಕುಳ ಮಟ್ಟದಲ್ಲಿ ಪೆನ್ನಿನಲ್ಲಿ ಗುರುತು ಮಾಡಿ 4 ಗಂಟೆಗೊಮ್ಮೆ ಅದೇ ಜಾಗದಲ್ಲಿ ಅಳೆಯಬೇಕು. ಹಸಿರು ವಾಂತಿ, ಮಲದಲ್ಲಿ ರಕ್ತ, ಏರುತ್ತಿರುವ ನಾಡಿ, ಉಬ್ಬುತ್ತಿರುವ ಹೊಟ್ಟೆ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಿನ ರೌಂಡ್ಸ್‌ವರೆಗೆ ಕಾಯುವ ಹಾಗಿಲ್ಲ. ಅಂಥ ಗಂಡು ಮಕ್ಕಳಲ್ಲಿ ವೃಷಣವೂ ಸೊರಗಬಹುದು, ಹಾಗಾಗಿ ತಿಂಗಳುಗಳ ನಂತರದ ತಪಾಸಣೆಯನ್ನೂ ಕಾರ್ಡಿನಲ್ಲಿ ಬರೆಯಿರಿ.

ಹಳೇ ಸ್ಟಾಫ್ ನರ್ಸ್

ಮೂತ್ರದ ಷರತ್ತು? ಅದನ್ನೂ ತೆಗೆಯಬೇಕಾ?

ನರ್ಸಿಂಗ್ ಟ್ಯೂಟರ್

ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಬೇಕಿಲ್ಲ. ಕಾಡಲ್ ಕೊಟ್ಟಿದ್ದರೆ ಗಮನ ಇರಲಿ. ಆಪರೇಷನ್ ಮುಗಿದು 6–8 ಗಂಟೆಯಾದರೂ ಆಗದಿದ್ದರೆ ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿ. ಉಬ್ಬಿದ್ದರೆ ಬೆಚ್ಚಗಿನ ಒದ್ದೆ ಬಟ್ಟೆ, ನಲ್ಲಿ ಸದ್ದು, ಎತ್ತಿ ನಿಲ್ಲಿಸುವುದು. ಆಗಲೂ ಆಗದಿದ್ದರೆ ವೈದ್ಯರು. ಉಬ್ಬಿಲ್ಲದಿದ್ದರೆ ಮಗು ಕುಡಿದಿರುವುದೇ ಕಡಿಮೆ ಅಂತ ಅರ್ಥ, ಕ್ಯಾತಿಟರ್ ಹಿಡಿದು ಓಡಬೇಡಿ. ಡಯಾಪರ್ ಕೂಸಿಗೆ ಒಣಗಿದ ತೂಕ ಕಳೆದು ಉಳಿದದ್ದು 1 ಗ್ರಾಂಗೆ 1 ಮಿ.ಲೀ. ಲೆಕ್ಕ.

ಹತ್ತಿರದ ಮನೆಯಾದರೆ ಮೂತ್ರ ಆಗದೆಯೂ ಫೋನ್ ನಂಬರ್ ಕೊಟ್ಟು ಕಳಿಸಬಹುದು. ಎರಡು ಗಂಟೆ ದೂರದ ಹಳ್ಳಿಯಾದರೆ, ಕೊನೇ ಬಸ್ 5ಕ್ಕಾದರೆ, ಆ ರಾತ್ರಿ ಇಟ್ಟುಕೊಳ್ಳುವುದೇ ವಾಸಿ. ಇದನ್ನೂ ಮಾನದಂಡದಲ್ಲೇ ಹಾಕಿ: ಮನೆ ಆಸ್ಪತ್ರೆಯಿಂದ ಎಷ್ಟು ದೂರ, ರಾತ್ರಿ ವಾಹನ ಸಿಗುತ್ತದೆಯೇ.

ಮಕ್ಕಳ ವಾರ್ಡ್ ಇನ್‌ಚಾರ್ಜ್

ಮನೆಗೆ ಕೊಡುವ ಕಾರ್ಡಿನಲ್ಲಿ ಏನೇನು? ಒಂದೇ ಪುಟದಲ್ಲಿ ಮುಗಿಯಬೇಕು.

ಡೋಸ್ ಲೆಕ್ಕ

ಮೊದಲ ಸಾಲಿನಲ್ಲಿ ಔಷಧದ ಹೆಸರು, ಬಾಟಲಿಯ ಸಾಂದ್ರತೆ, ಎಷ್ಟು ಮಿ.ಲೀ., ಮತ್ತು ಮುಂದಿನ ಡೋಸಿನ ಸಮಯ ಗಡಿಯಾರದ ಅಂಕಿಯಲ್ಲಿ: ಸಂಜೆ 4, ರಾತ್ರಿ 10, ಬೆಳಿಗ್ಗೆ 4, 10. "ದಿನಕ್ಕೆ ನಾಲ್ಕು ಸಲ" ಅಂದರೆ ಬೆಳಗಿನಿಂದ ಸಂಜೆಯೊಳಗೆ ನಾಲ್ಕೂ ಮುಗಿಸಿಬಿಡುತ್ತಾರೆ. ಅಳೆಯಲು ಚಮಚ ಬೇಡ, 5 ಮಿ.ಲೀ. ಸಿರಿಂಜ್ ಕೊಟ್ಟು ಆ ಗೆರೆಗೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ. ತಾಯಿ ಒಮ್ಮೆ ನಿಮ್ಮೆದುರೇ ನೀರು ಎಳೆದು ತೋರಿಸಲಿ.

ಮಕ್ಕಳ ಸರ್ಜನ್

ವಾಪಸ್ ಬರಬೇಕಾದ ಗುರುತುಗಳು: ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಉಸಿರಾಟಕ್ಕೆ ಕಷ್ಟ, ಹಸಿರು ವಾಂತಿ, ಒತ್ತಿದರೂ ನಿಲ್ಲದ ರಕ್ತ, ಮರುದಿನದ ನಂತರ 38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಗಾಯದ ಸುತ್ತ ಹರಡುವ ಕೆಂಪು ಅಥವಾ ಕೀವು. ಮೂರು ತಿಂಗಳೊಳಗಿನ ಕೂಸಿಗೆ 38 ದಾಟಿದರೇ ಸಾಕು. ಮೊದಲ ಎರಡಕ್ಕೆ 108, ಉಳಿದದ್ದಕ್ಕೆ ವಾರ್ಡಿನ ಫೋನ್. ಆ ಫೋನ್ ರಾತ್ರಿ ಎತ್ತುವವರು ಯಾರು ಅಂತ ಮೊದಲು ತೀರ್ಮಾನ ಮಾಡಿ.

ಹೊಲಿಗೆ ಒಳಗೇ ಕರಗುವಂಥದ್ದು, ತೆಗೆಸಲು ಬರಬೇಕಿಲ್ಲ ಅಂತಲೂ ಬರೆಯಿರಿ.

ಅಂಗನವಾಡಿ ಹಾದಿ

ತಾಯಂದಿರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ಅತ್ತರೆ ಹೊಲಿಗೆ ಬಿಚ್ಚುತ್ತದೆಯೇ? ಈ ಹೆದರಿಕೆಯಿಂದ ಮಗುವನ್ನು ಕೆಳಗೇ ಬಿಡುವುದಿಲ್ಲ, ಬಾಯಿ ಮುಚ್ಚಿಸಲು ಜೇನು ನೆಕ್ಕಿಸುತ್ತಾರೆ. ಮತ್ತೆ ಎಲ್ಲರೂ ಕೂಸನ್ನು ಎತ್ತುವುದು ಸೊಂಟದ ಮೇಲೆ ಕಾಲು ಅಗಲಿಸಿಯೇ.

ಮಕ್ಕಳ ಸರ್ಜನ್

ಬಿಚ್ಚುವುದಿಲ್ಲ. ಕಟ್ಟಿರುವುದು ಹರ್ನಿಯಾ ಚೀಲದ ಬುಡವನ್ನು, ಅಳುವಿನ ಒತ್ತಡ ತಡೆಯುವ ಹಾಗೆಯೇ ಕಟ್ಟಿರುತ್ತೇವೆ. ಆದರೆ ಬಿಡದೆ ಅಳುತ್ತಿದ್ದರೆ ನೋವಿನ ಔಷಧದ ಸಮಯ ಮೀರಿದೆಯೇ ನೋಡಲಿ. ಒಂದು ವರ್ಷದೊಳಗೆ ಜೇನು ಯಾವ ಕಾರಣಕ್ಕೂ ಬೇಡ, ಬಾಟುಲಿಸಮ್ (ಬ್ಯಾಕ್ಟೀರಿಯಾ ವಿಷದಿಂದ ಸ್ನಾಯು ಸೋಲುವ ಕಾಯಿಲೆ) ಅಪಾಯ.

ಕೂಸುಗಳಿಗೆ ಚಲನೆಯ ನಿರ್ಬಂಧ ಇಲ್ಲ, ತಾವೇ ಎಷ್ಟು ಬೇಕೋ ಅಷ್ಟು ಅಲ್ಲಾಡುತ್ತವೆ. ಎರಡು ವಾರ ಸೊಂಟದ ಮೇಲೆ ಎತ್ತದೆ, ಎರಡೂ ಕಾಲು ಒಟ್ಟಿಗೆ ಇರುವಂತೆ ತೋಳಿನ ಮೇಲೆ ಎತ್ತಿಕೊಳ್ಳಲಿ, ವಾಕರ್ ಬೇಡ. ಶಾಲೆಗೆ ಒಂದು ವಾರದ ಮೇಲೆ, ಬ್ಯಾಗನ್ನು ಬೇರೆಯವರು ಹೊರಲಿ. ಸೈಕಲ್, ಕಬಡ್ಡಿ, ಮರ ಹತ್ತುವುದು ಮೂರು–ನಾಲ್ಕು ವಾರ ಬೇಡ.

ಇನ್ನೊಂದು ಬದಿಯಲ್ಲಿ ಮುಂದೆ ಹರ್ನಿಯಾ ಬರುವ ಸಾಧ್ಯತೆಯೂ ಇದೆ, ಹಾಗಾಗಿ ತಾಯಿ ಸ್ನಾನ ಮಾಡಿಸುವಾಗ ಎರಡೂ ಕಡೆ ನೋಡಲಿ. ಹೆಣ್ಣು ಮಗುವಾದರೆ ತೊಡೆಸಂದಿನಲ್ಲಿ ಕಡಲೆಯಷ್ಟು ಗಂಟು ಓಡಾಡಿದರೂ ಕರೆತರಲಿ, ಅದು ಅಂಡಾಶಯ ಇರಬಹುದು. ಒಳಗೆ ತಳ್ಳಲು ಮನೆಯಲ್ಲಿ ಪ್ರಯತ್ನಿಸುವುದು ಬೇಡ.